ಪ್ರಾದೇಶಿಕ ಕ್ರೀಡಾ ವಾಹಿನಿ ಯಾರ ದುಡ್ಡಿನಲ್ಲಿ ಬದುಕುತ್ತದೆ?

ನಾನು ಮಾತಾಡ್ತಿರೋದು ರಾಯದುರ್ಗ ಸೀಮೆಯ ಓಬಳಾಪುರದಿಂದ. ಬಳ್ಳಾರಿ ಹತ್ತಿರ, ರಾಜ್ಯ ಆಂಧ್ರ, ಮನೆಮಾತು ಕನ್ನಡ. ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ.

‘ಪ್ರಾದೇಶಿಕ ಕ್ರೀಡಾ ವಾಹಿನಿ’ ಅಂದರೆ ಅಮೆರಿಕದಲ್ಲಿ ಊರಿನ ತಂಡದ ವಾಹಿನಿ. ನಮ್ಮಲ್ಲಿ ಭಾಷೆಯ ವಾಹಿನಿ.

ಮೊದಲು ಅಲ್ಲಿಯ ಕಥೆ. ಬೇಸ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಆ ಭಾಗದ ವಾಹಿನಿ ತೋರಿಸುತ್ತಿತ್ತು. ಆಟ ನೋಡದ ಮನೆಯವರೂ ಕೇಬಲ್ ಬಿಲ್ಲಿನೊಳಗೆ ಅದಕ್ಕೆ ದುಡ್ಡು ಕಟ್ಟುತ್ತಿದ್ದರು. ಆ ದುಡ್ಡೇ ತಂಡಗಳಿಗೆ ಪ್ರಸಾರ ಹಕ್ಕಿನ ಹಣವಾಗಿ ಹೋಗುತ್ತಿತ್ತು. 2019ರಲ್ಲಿ ಸಿಂಕ್ಲೇರ್ ಕಂಪನಿ ಇಂಥ 21 ವಾಹಿನಿಗಳನ್ನು ಡಿಸ್ನಿಯಿಂದ ಭಾರೀ ಸಾಲ ಮಾಡಿ ಕೊಂಡಿತು. 2021ರಲ್ಲಿ ‘ಬ್ಯಾಲಿ ಸ್ಪೋರ್ಟ್ಸ್’ ಎಂದು ಹೆಸರಾಯಿತು. ಅಷ್ಟರಲ್ಲಿ ಜನ ಕೇಬಲ್ ಬಿಡುತ್ತಿದ್ದರು. ಸಾಲ ಮಾತ್ರ ಹಾಗೇ ಇತ್ತು. 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ. ಮೇ ತಿಂಗಳಲ್ಲಿ ಸ್ಯಾನ್ ಡಿಯಾಗೊ ತಂಡಕ್ಕೆ ಹಣ ಹೋಗಲಿಲ್ಲ, ಪ್ರಸಾರವನ್ನು ಲೀಗೇ ವಹಿಸಿಕೊಂಡಿತು. ಗಮನಿಸಿ: ಜನ ಆಟ ಬಿಟ್ಟಿರಲಿಲ್ಲ. ನೋಡದವರ ದುಡ್ಡು ನಿಂತಿತು, ಅಷ್ಟೇ.

ಈಗ ನಮ್ಮ ಕಡೆ ಬರೋಣ. 2018ರ ಐಪಿಎಲ್‌ಗೆ ಸುವರ್ಣ ಪ್ಲಸ್‌ನಲ್ಲಿ ಕನ್ನಡ ವೀಕ್ಷಕ ವಿವರಣೆ ಬಂತು. ಅದೇ ವರ್ಷದ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಶುರುವಾಯಿತು. 2019ರ ಫೆಬ್ರವರಿ 1ರಿಂದ ಟ್ರಾಯ್ ನಿಯಮ: ಬೇಕಾದ ಚಾನೆಲ್ಲಿಗಷ್ಟೇ ಹಣ. ನ್ಯಾಯವೇ. ಆದರೆ ನಮ್ಮ ಮನೆಗೆ ಬಂದದ್ದು ತೆಲುಗು ಪ್ಯಾಕ್, ಯಾಕಂದ್ರೆ ವಿಳಾಸ ಆಂಧ್ರದ್ದು. ಕನ್ನಡ ಬೇಕಂದ್ರೆ ಬೇರೆ ಸೇರಿಸಬೇಕು. ತೆಲುಗು ನಮಗೇನು ಹೊರಗಿನದಲ್ಲ. ಆದರೂ ಅಪ್ಪ ಅಂತಿದ್ರು: “ನಮ್ಮ ಬ್ಯಾಟ್ಸ್‌ಮನ್ನನ್ನ ಬೈಯೋಕೆ ಕನ್ನಡಾನೇ ಬೇಕಲೇ.”

2023ರಲ್ಲಿ ಜಿಯೋಸಿನಿಮಾ ಐಪಿಎಲ್ಲನ್ನು ಪುಕ್ಕಟೆ ಕೊಟ್ಟಿತು, ಕನ್ನಡದಲ್ಲೂ. ಮೊಬೈಲು ವಿಳಾಸ ಕೇಳಲಿಲ್ಲ. ಅಪ್ಪನಿಗೆ ಕನ್ನಡ ಸಿಕ್ಕಿತು. ಗಡಿಯವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಟಿವಿ ವಾಹಿನಿಯ ಬೇರು ಕೊರೆಯುವುದೂ ಇದೇ. ಆ ಪುಕ್ಕಟೆಯೂ ಬಹಳ ದಿನ ಉಳಿಯಲಿಲ್ಲ. 2025ಕ್ಕೆ ಚಂದಾ ಬಂತು.

ನನ್ನ ಆತಂಕ ಐಪಿಎಲ್ ಬಗ್ಗೆ ಅಲ್ಲ. ಅದು ಯಾವ ಭಾಷೆಯಲ್ಲಾದರೂ ಬದುಕುತ್ತದೆ. ದೊಡ್ಡ ಆಟದ ಬೆನ್ನಿಗೆ ಕೂತು ಬರುವ ಸಣ್ಣ ಆಟಗಳಿವೆಯಲ್ಲ, ಊರ ಕಬಡ್ಡಿ, ರಾಜ್ಯಮಟ್ಟದ ಪಂದ್ಯಾವಳಿ, ಅವಕ್ಕೆ ‘ನೋಡದವರ’ ದುಡ್ಡೂ ಇಲ್ಲ, ನೋಡುವವರ ಸಂಖ್ಯೆಯೂ ಕಮ್ಮಿ. ಅವುಗಳ ಖರ್ಚು ಯಾರು ಹೊರಬೇಕು? ಅಮೆರಿಕದ ಕಥೆ ನಮಗೆ ಕೇಳುತ್ತಿರುವುದು ಈ ಪ್ರಶ್ನೆಯನ್ನೇ. ಇಲ್ಲಿಗೆ ನಿಲ್ಲಿಸ್ತೀನಿ, ಚರ್ಚೆ ಮಾಡೋಣ.