ಬೀದಿದೀಪದ ಬೆಳಕಿನಲ್ಲಿ ಸೇವಂತಿಗೆ

ಪ್ರಶ್ನೆ: ದಸರಾ ಕಳೆದ ಮೇಲೆ ತಾರಸಿಯ ಕುಂಡದ ಸೇವಂತಿಗೆ ಮೈತುಂಬ ಹೂ ಬಿಡುತ್ತದೆ. ಬೀದಿದೀಪದ ಎದುರಿನ ಬಾಲ್ಕನಿಯಲ್ಲಿಟ್ಟ ಅದೇ ಗಿಡದಲ್ಲಿ ಬರೀ ಎಲೆ. ಏಕೆ? (ಓದುಗರು, ಸರ್ವಜ್ಞನಗರ, ಬೆಂಗಳೂರು)

ಉತ್ತರ: ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ, ಅಡ್ಡಿಯಿಲ್ಲದ ಕತ್ತಲು ಬೇಕು. ಬೆಂಗಳೂರಿನಲ್ಲಿ ಜೂನ್‌ನ ಇರುಳು ಸುಮಾರು 11 ಗಂಟೆ, ಡಿಸೆಂಬರ್‌ನದು ಸುಮಾರು ಹನ್ನೆರಡೂವರೆ. ಶರದೃತುವಿನಲ್ಲಿ ಇರುಳು ಹಿಗ್ಗುತ್ತಾ ಹೋಗುತ್ತದೆ. ಈ ಬದಲಾವಣೆಯನ್ನು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಗುರುತಿಸುತ್ತದೆ. ಹಗಲಿನಲ್ಲಿ ಸಕ್ರಿಯವಾಗಿ ಹೂವನ್ನು ತಡೆಯುವ ಅದು ಕತ್ತಲಲ್ಲಿ ನಿಧಾನವಾಗಿ ನಿಷ್ಕ್ರಿಯವಾಗುತ್ತದೆ. ಕತ್ತಲು ಸಾಕಷ್ಟು ಹೊತ್ತು ಉಳಿದರೆ ಎಲೆಯಿಂದ ಚಿಗುರಿನ ತುದಿಗೆ ಸಂಕೇತ ಹೋಗಿ, ಅಲ್ಲಿ ಎಲೆಯ ಬದಲು ಮೊಗ್ಗು ಮೂಡುತ್ತದೆ.

ಹೆಪ್ಪು ಹಾಕಿದ ಹಾಲನ್ನು ನಡುವೆ ಕಲಕಿದರೆ ಗಟ್ಟಿ ಮೊಸರಾಗದು. ಹಾಗೆಯೇ ಬೀದಿದೀಪದಂಥ ರಾತ್ರಿಯ ಬೆಳಕು ಫೈಟೋಕ್ರೋಮ್ ಅನ್ನು ಮತ್ತೆ ಎಬ್ಬಿಸಿ ಹೂಬಿಡುವಿಕೆಯನ್ನು ಮುಂದೂಡುತ್ತದೆ. ಬೇಕಾದ ಕಾಲಕ್ಕೆ ಹೂ ಪಡೆಯಲು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಬೆಳೆಗಾರರು ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಕುಂಡಕ್ಕೆ ಹಗಲು ಒಳ್ಳೆಯ ಬಿಸಿಲು, ಸಂಜೆಯಿಂದ ಪೂರ್ಣ ಕತ್ತಲು ಸಿಗಬೇಕು.