ಸಮುದ್ರತೈಲಕೂಪಗಳ ಉಪಸಂಹಾರ

ಸಮುದ್ರತಳವನ್ನು ಭೇದಿಸಿ ಎಣ್ಣೆಯನ್ನೂ ಅನಿಲವನ್ನೂ ಎತ್ತುವ ಬಾವಿಗಳು ಹಳತಾದ ಬಳಿಕ ಅವನ್ನು ಮುಚ್ಚುವ ಕಾರ್ಯಕ್ಕೆ ಆಂಗ್ಲರ ವ್ಯವಹಾರದಲ್ಲಿ ‘ಅಬ್ಯಾಂಡನ್‌ಮೆಂಟ್’ ಎಂಬ ಹೆಸರು ರೂಢವಾಗಿದೆ. ಈ ಪದಕ್ಕೆ ಪರಿತ್ಯಾಗವೆಂದು ಅರ್ಥ. ಆದರೆ ಕಾರ್ಯದ ಸ್ವರೂಪವನ್ನು ವಿಚಾರಿಸಿದರೆ ಉಪಸಂಹಾರವೆಂಬ ಹೆಸರೇ ಅದಕ್ಕೆ ಯುಕ್ತವೆಂದು ತೋರುತ್ತದೆ. ಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಅಸ್ತ್ರವನ್ನು ಪ್ರಯೋಗಿಸಿದರಷ್ಟೆ. ಅರ್ಜುನನು ತನ್ನದನ್ನು ಉಪಸಂಹರಿಸಿದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಪ್ರಯೋಗವನ್ನು ಬಲ್ಲವನು ಉಪಸಂಹಾರವನ್ನೂ ಬಲ್ಲವನಾಗಿರಬೇಕೆಂಬ ನ್ಯಾಯವು ಈ ಬಾವಿಗಳಿಗೂ ಸಲ್ಲುತ್ತದೆ.

ಭೂಗರ್ಭದಲ್ಲಿ ಎಣ್ಣೆಯು ಕೆರೆಯ ನೀರಿನಂತೆ ನಿಂತಿರುವುದಿಲ್ಲ. ಸೂಕ್ಷ್ಮರಂಧ್ರಗಳುಳ್ಳ ಶಿಲೆಯಲ್ಲಿ ವ್ಯಾಪಿಸಿರುತ್ತದೆ. ಅದರ ಮೇಲೆ ದ್ರವವನ್ನು ಹೊರಬಿಡದ ಮತ್ತೊಂದು ಶಿಲಾಸ್ತರವು ಮುಚ್ಚಳದಂತೆ ಕವಿದಿರುತ್ತದೆ. ಬಾವಿಯನ್ನು ಕೊರೆಯುವುದೆಂದರೆ ಈ ಮುಚ್ಚಳಕ್ಕೆ ರಂಧ್ರವನ್ನು ಮಾಡುವುದು. ಉಪಸಂಹಾರವೆಂದರೆ ಆ ರಂಧ್ರವನ್ನು ಶಾಶ್ವತವಾಗಿ ಬೆಸೆಯುವುದು.

ಅದರ ಕ್ರಮವು ಹೀಗಿದೆ. ಮೊದಲು ಭಾರವಾದ ದ್ರವವನ್ನು ಬಾವಿಯೊಳಗೆ ತುಂಬಿ ಕೆಳಗಿನ ಒತ್ತಡವನ್ನು ಅಡಗಿಸುವರು. ಎಣ್ಣೆಯನ್ನು ಸಾಗಿಸುತ್ತಿದ್ದ ಒಳಕೊಳವೆಯನ್ನು ಸಾಮಾನ್ಯವಾಗಿ ಹೊರತೆಗೆಯುವರು. ಬಾವಿಯ ಗೋಡೆಯಾಗಿರುವ ಉಕ್ಕಿನ ಕೊಳವೆಗೂ ಶಿಲೆಗೂ ನಡುವೆ ಹಿಂದೆ ಹಾಕಿದ ಸಿಮೆಂಟು ದೃಢವಾಗಿದೆಯೇ ಎಂದು ಪರೀಕ್ಷಿಸುವರು. ದೃಢವಾಗಿಲ್ಲದಿದ್ದರೆ ಉಕ್ಕನ್ನು ಕೊರೆದೋ ಕತ್ತರಿಸಿಯೋ ಅಲ್ಲಿಯವರೆಗೂ ಹೊಸ ಸಿಮೆಂಟನ್ನು ಮುಟ್ಟಿಸುವರು; ಏಕೆಂದರೆ ಒಳಗೆ ಮಾತ್ರ ಬಿರಡೆಯನ್ನಿಟ್ಟರೆ ಅನಿಲವು ಹೊರಬದಿಯಿಂದ ನುಸುಳಿ ಬರುವುದು. ಹೀಗೆ ಹಲವು ಎಡೆಗಳಲ್ಲಿ ಬಿರಡೆಗಳನ್ನಿಟ್ಟು, ಭಾರದಿಂದಲೂ ಒತ್ತಡದಿಂದಲೂ ಪರೀಕ್ಷಿಸಿ, ಕಡೆಗೆ ಕೊಳವೆಗಳನ್ನು ಸಮುದ್ರತಳಕ್ಕಿಂತ ಕೆಳಗೆ ಕತ್ತರಿಸಿ ತೆಗೆಯುವರು. ಅಮೆರಿಕದ ನಿಯಮದಲ್ಲಿ ಈ ಆಳವು ಸಾಮಾನ್ಯವಾಗಿ 15 ಅಡಿ.

ಬರಿದಾದ ಬಾವಿಯಿಂದ ಭಯವೇನು ಎಂದು ಇಲ್ಲಿ ಶಂಕೆ ಹುಟ್ಟಬಹುದು. ಸಮಾಧಾನವೇನೆಂದರೆ, ಬಾವಿಯು ಬರಿದಾಯಿತೆಂಬುದು ಲಾಭದ ದೃಷ್ಟಿಯ ಮಾತು. ಶಿಲೆಯಲ್ಲಿ ಎಣ್ಣೆಯು ಗಣನೀಯವಾಗಿ ಉಳಿದೇ ಇರುತ್ತದೆ. ಸುತ್ತಣ ನೀರು ಒಳಸೇರಿ ಒತ್ತಡವು ಕಾಲಕ್ರಮದಲ್ಲಿ ಮತ್ತೆ ಏರಬಹುದು. ಉಪ್ಪುನೀರಿನಲ್ಲಿ ಉಕ್ಕು ಸವೆಯುವುದಂತೂ ನಿಶ್ಚಯ.

ಅನ್ವಯವ್ಯತಿರೇಕಗಳೆರಡಕ್ಕೂ ನಿದರ್ಶನಗಳಿವೆ. ಉತ್ತರಸಮುದ್ರದ ಬ್ರೆಂಟ್ ಡೆಲ್ಟಾ ಎಂಬ ನೆಲೆಯಲ್ಲಿ 2011ರಲ್ಲಿ ಉತ್ಪಾದನೆಯು ನಿಂತಿತು. ಮೊದಲು ಬಾವಿಗಳನ್ನು ಮುಚ್ಚಿ, ತರುವಾಯ 2017ರಲ್ಲಿ ಸುಮಾರು 24,000 ಟನ್ ತೂಕದ ಮೇಲ್ಕಟ್ಟಡವನ್ನು ಒಂದೇ ಸಲಕ್ಕೆ ಎತ್ತಿ ಇಂಗ್ಲೆಂಡಿನ ಹಾರ್ಟಲ್‌ಪೂಲ್ ರೇವಿಗೆ ಸಾಗಿಸಿದರು. ಲೋಕವು ಬೆರಗಾದುದು ಆ ಎತ್ತುವಿಕೆಗೆ. ಕಣ್ಣಿಗೆ ಕಾಣದ ಮೊದಲನೆಯ ಕಾರ್ಯವೇ ಅದಕ್ಕಿಂತ ಮುಖ್ಯವಾದುದು.

ಇದಕ್ಕೆ ವಿಪರೀತವಾದುದು ಮೆಕ್ಸಿಕೋ ಕೊಲ್ಲಿಯಲ್ಲಿ ನಡೆಯಿತು. 2004ರ ಸೆಪ್ಟೆಂಬರಿನಲ್ಲಿ ಐವಾನ್ ಚಂಡಮಾರುತದ ಕಾಲಕ್ಕೆ ಸಮುದ್ರತಳದ ಕೆಸರು ಕುಸಿದು, ಟೇಲರ್ ಎನರ್ಜಿ ಸಂಸ್ಥೆಯ ನೆಲೆಯು ಉರುಳಿ, ಬಾವಿಗಳು ಹೂತುಹೋದುವು. ಪಕ್ಕದಿಂದ ಬೇರೆ ಬಾವಿಗಳನ್ನು ಕೊರೆದು 2011ರ ಹೊತ್ತಿಗೆ ಮುಚ್ಚಲಾದುವು 9 ಮಾತ್ರ. ಎಣ್ಣೆಯ ಸೋರಿಕೆಯು ವರ್ಷಗಟ್ಟಲೆ ನಡೆದು, 2019ರಲ್ಲಿ ಅದನ್ನು ಹಿಡಿಯುವ ಸಾಧನವನ್ನು ಅಲ್ಲಿ ಇಳಿಸಬೇಕಾಯಿತು. 2021ರ ಒಪ್ಪಂದದಲ್ಲಿ ಆ ಸಂಸ್ಥೆಯು ಸುಮಾರು 43 ಕೋಟಿ ಡಾಲರುಗಳ ನಿಧಿಯನ್ನು ಸರ್ಕಾರಕ್ಕೆ ಒಪ್ಪಿಸಲು ಸಮ್ಮತಿಸಿತು. ಮುಚ್ಚುವ ಹೊಣೆಯು ಸರ್ಕಾರದ ಪಾಲಿಗೆ ಬಂದಿತು.

ಇದರಿಂದ ಸಿದ್ಧವಾಗುವುದೇನೆಂದರೆ, ಬಾವಿಯ ಬಾಯಿ ಕೈಗೆಟಕುವಾಗಲೇ, ಅದನ್ನು ತೆರೆದವನಲ್ಲಿ ಧನವೂ ಶಕ್ತಿಯೂ ಇರುವಾಗಲೇ ಉಪಸಂಹಾರವು ನಡೆಯತಕ್ಕದ್ದು. ಕಾಲ ಮೀರಿದರೆ ಬಾವಿಯು ಉಳಿಯುತ್ತದೆ, ಕರ್ತನು ಉಳಿಯುವುದಿಲ್ಲ. ಭಾರವು ತೆರೆಯದವರ ತಲೆಯ ಮೇಲೆ ಬೀಳುತ್ತದೆ. ಪರಿತ್ಯಾಗವೆಂಬ ಪದವು ಈ ಹೊಣೆಯನ್ನು ಮರೆಸುತ್ತದೆ. ಉಪಸಂಹಾರವೆಂಬುದು ಅದನ್ನು ನೆನಪಿಸುತ್ತದೆ.