ಉಕ್ಕಿನ ಕಮಾನು, ಗಾಜಿನ ಕಮಾನು

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1963ನೆಯ ಇಸವಿಯ ಮಾದರಿಯಾಗಿ ಹೊರತಂದ ಶೆವ್ರೊಲೆ ಕಾರ್ವೆಟ್ ಸ್ಟಿಂಗ್ ರೇ ಎಂಬ ಕಾರನ್ನು, ಅದು ಆರು ದಶಕಗಳ ಆಯುಷ್ಯವನ್ನು ಸವೆಸಿದ ಬಳಿಕ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಹಿಂಬದಿಯಿಂದ ದಿಟ್ಟಿಸಿದರೆ, ಬಣ್ಣವು ಎಷ್ಟೇ ಹೊಳೆಯುತ್ತಿರಲಿ, ಎಂಜಿನ್ನು ಎಷ್ಟೇ ಸುಸ್ಥಿತಿಯಲ್ಲಿರಲಿ, ಅದರ ವಯಸ್ಸನ್ನು ಬಯಲುಮಾಡುವ ಲಕ್ಷಣವೊಂದು ಅನೇಕ ವೇಳೆ ಕಣ್ಣಿಗೆ ಬೀಳುತ್ತದೆ. ಹಿಂಭಾಗವು ತಗ್ಗಿ ಕುಳಿತಿರುತ್ತದೆ. ಹಿಂದಿನ ಚಕ್ರಗಳೆರಡೂ ನೆಟ್ಟಗೆ ನಿಲ್ಲದೆ ತಮ್ಮ ಮೇಲಂಚನ್ನು ಒಳಕ್ಕೆ ವಾಲಿಸಿಕೊಂಡಿರುತ್ತವೆ. ಬಗ್ಗಿ ಟೈರನ್ನು ಅಂಗೈಯಿಂದ ಸವರಿದರೆ ಒಳಬದಿಯು ನುಣ್ಣಗೆ ಸವೆದು, ಹೊರಬದಿಯ ಗೀರುಗಳು ಮಾತ್ರ ಇನ್ನೂ ಆಳವಾಗಿಯೇ ಉಳಿದಿರುವುದು ತಿಳಿಯುತ್ತದೆ. ಇಷ್ಟಕ್ಕೂ ಮುಖ್ಯ ಕಾರಣವು ಕಾರಿನ ಹಿಂಬದಿಯ ತಳದಲ್ಲಿ ಈ ಚಕ್ರದಿಂದ ಆ ಚಕ್ರದವರೆಗೆ ಅಡ್ಡಲಾಗಿ ಚಾಚಿಕೊಂಡಿರುವ, ದಣಿದು ಬಾಗು ಕಳೆದುಕೊಂಡ, ಉಕ್ಕಿನ ಒಂದು ಕಮಾನು.

ಕಮಾನು ಪಟ್ಟಿಯ ಪರಿಚಯವು ನಮ್ಮ ಓದುಗರಿಗೆ ಹೊಸದಲ್ಲ. ರಸ್ತೆಬದಿಯಲ್ಲಿ ನಿಂತ ಲಾರಿಯ ಹಿಂಚಕ್ರದ ಪಕ್ಕದಲ್ಲಿ, ಉದ್ದನೆಯ ಪಟ್ಟಿಯೊಂದಕ್ಕೆ ಅದಕ್ಕಿಂತ ಗಿಡ್ಡದು, ಅದಕ್ಕೆ ಮತ್ತೂ ಗಿಡ್ಡದು ಎಂಬಂತೆ ಪೇರಿಸಿ, ನಡುವೆ ಒಂದು ಬೋಲ್ಟನ್ನು ಹಾಯಿಸಿ, ಯು-ಬೋಲ್ಟುಗಳಿಂದ ಅಚ್ಚಿಗೆ ಬಿಗಿದ ಉಕ್ಕಿನ ಕಟ್ಟನ್ನು ಅವರು ಕಂಡೇ ಇರುತ್ತಾರೆ. ನಮ್ಮ ಅಂಬಾಸಿಡರ್ ಕಾರಿನ ಹಿಂಭಾಗವನ್ನು ಹೊತ್ತಿದ್ದುದೂ ಇದೇ ಬಗೆಯ ಕಮಾನುಗಳ ಜೋಡಿ. ಆದರೆ ಹೀಗೆ ಗಿಡ್ಡ ಪಟ್ಟಿಗಳನ್ನು ಪೇರಿಸುವುದರ ಹಿಂದಿರುವ ಸುಂದರವಾದ ಗಣಿತವು ಅಷ್ಟಾಗಿ ಪರಿಚಿತವಲ್ಲವೆಂದು ತೋರುತ್ತದೆ. ಒಂದು ತುದಿಯನ್ನು ಭದ್ರವಾಗಿ ಹಿಡಿದು ಇನ್ನೊಂದು ತುದಿಗೆ ಭಾರವನ್ನು ತೂಗಹಾಕಿದ ಪಟ್ಟಿಯಲ್ಲಿ, ಅದನ್ನು ಬಾಗಿಸುವ ಪರಿಣಾಮವು ಭಾರವಿರುವ ತುದಿಯಲ್ಲಿ ಶೂನ್ಯವಾಗಿದ್ದು, ಹಿಡಿತದ ಕಡೆಗೆ ಸಾಗಿದಂತೆಲ್ಲ ಕ್ರಮವಾಗಿ ಏರುತ್ತ ಹೋಗುತ್ತದೆ. ಆದುದರಿಂದ ಉದ್ದಕ್ಕೂ ಒಂದೇ ಅಗಲವಿರುವ ಪಟ್ಟಿಯಲ್ಲಿ ಬುಡದ ಲೋಹವೊಂದೇ ಪೂರ್ತಿ ದುಡಿದು ಮಿಕ್ಕದ್ದು ಅರೆದುಡಿಮೆಯಲ್ಲಿಯೇ ಉಳಿಯುತ್ತದೆ. ಎಲ್ಲೆಡೆಯೂ ಸಮನಾದ ಪೀಡನವಿರಬೇಕಾದರೆ ಪಟ್ಟಿಯು ಹಿಡಿತದಲ್ಲಿ ಅಗಲವಾಗಿಯೂ ಭಾರದ ಕಡೆ ಮೊನೆಯಾಗಿಯೂ ಇರುವ ತ್ರಿಕೋನವಾಗಬೇಕು. ಅಷ್ಟು ಅಗಲವಾದ ತ್ರಿಕೋನಕ್ಕೆ ಗಾಡಿಯ ಕೆಳಗೆ ಎಡೆಯೆಲ್ಲಿ? ಅದನ್ನು ಉದ್ದುದ್ದಕ್ಕೆ ಸೀಳಿ ಒಂದರ ಮೇಲೊಂದು ಜೋಡಿಸಿದರೆ ದೊರೆಯುವುದೇ ನಮ್ಮ ಕಮಾನು ಪಟ್ಟಿಯ ಕಟ್ಟು. ಸಾರೋಟುಗಳ ಕಾಲದ ಕಮ್ಮಾರರು ಈ ಸತ್ಯವನ್ನು ಬಹುಮಟ್ಟಿಗೆ ಕೈಯ ಅನುಭವದಿಂದಲೇ ಅರಿತುಕೊಂಡಿದ್ದರೆಂಬುದು ನನ್ನನ್ನು ಯಾವಾಗಲೂ ವಿಸ್ಮಯಗೊಳಿಸುವ ಸಂಗತಿ.

ಸ್ಟಿಂಗ್ ರೇ ಕಾರಿನ ತಳವ್ಯವಸ್ಥೆಯನ್ನು ರೂಪಿಸಿದ ಜೋರಾ ಅರ್ಕಸ್-ಡಂಟೋವ್ ಎಂಬ ಎಂಜಿನಿಯರರು, ಹಿಂದಿನ ಎರಡು ಚಕ್ರಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏಳಬೇಕು, ಇಳಿಯಬೇಕು ಎಂದು ಬಯಸಿ, ಒಂಬತ್ತು ಪಟ್ಟಿಗಳ ಒಂದೇ ಕಮಾನನ್ನು ಕಾರಿಗೆ ಅಡ್ಡಲಾಗಿ ಇಟ್ಟು, ಅದರ ನಡುವನ್ನು ನಾಲ್ಕು ಬೋಲ್ಟುಗಳಿಂದ ಡಿಫರೆನ್ಷಿಯಲ್ಲಿನ ಕವಚಕ್ಕೆ ಬಿಗಿದರು. ಎರಡು ತುದಿಗಳಿಂದ ನೀಳವಾದ ಒಂದೊಂದು ಬೋಲ್ಟು ರಬ್ಬರಿನ ಮೆತ್ತೆಗಳ ಮೂಲಕ ಆಯಾ ಚಕ್ರವನ್ನು ಹೊತ್ತ ತೋಳಿಗೆ ಸೇರುತ್ತದೆ. ನಡು ಅಲುಗದಂತೆ ಬಿಗಿದಿರುವುದರಿಂದ ಎಡದ ಅರ್ಧಕ್ಕೂ ಬಲದ ಅರ್ಧಕ್ಕೂ ಸಂಬಂಧವೇ ಇಲ್ಲ. ಪ್ರತಿಯೊಂದು ಅರ್ಧವೂ ನಾನು ಮೇಲೆ ವರ್ಣಿಸಿದ ಸೀಳಿದ ತ್ರಿಕೋನವೇ ಆಗಿದೆ. ಕಮಾನು ಕುಗ್ಗಿ ಕಾರಿನ ಒಡಲು ತಗ್ಗಿದೊಡನೆ ಚಕ್ರಗಳನ್ನು ಹಿಡಿದ ದಂಡಗಳ ಕೋನಗಳು ಬದಲಾಗಿ ಚಕ್ರದ ಮೇಲಂಚು ಒಳಕ್ಕೆ ಸೆಳೆಯಲ್ಪಡುತ್ತದೆ. ಟೈರಿನ ಒಳಬದಿ ಸವೆಯುವುದು ಹೀಗೆ.

ಉಕ್ಕು ಕುಗ್ಗುವುದೇಕೆ? ಹಾಕಿದ ಭಾರಕ್ಕೆ ತಕ್ಕಂತೆ ಹಿಗ್ಗು, ಭಾರ ತೆಗೆದೊಡನೆ ಮೊದಲಿನ ಸ್ಥಿತಿ, ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದುದು ಶಾಲೆಯ ಪಾಠವೇ ಆಗಿದೆ. ಆದರೆ ಆ ನಿಯಮಕ್ಕೆ ಒಂದು ಮೇರೆಯುಂಟು. ಗುಂಡಿಗೆ ಬಿದ್ದ ಚಕ್ರವು ಕಮಾನನ್ನು ಥಟ್ಟನೆ ಮೇಲಕ್ಕೆ ಒತ್ತಿದಾಗ, ಪಟ್ಟಿಯ ಹೊರಮೈಯ ಕೆಲವು ತಾಣಗಳಲ್ಲಿ ಪೀಡನವು ಆ ಮೇರೆಯನ್ನು ಕ್ಷಣಮಾತ್ರ ದಾಟಿ, ಅಲ್ಲಿನ ಲೋಹವು ಕಿಂಚಿತ್ತಾಗಿ ಶಾಶ್ವತವಾಗಿಯೇ ಬಾಗಿಬಿಡುತ್ತದೆ. ಒಂದು ಸಲದ ಬಾಗು ಅಳತೆಗೂ ಸಿಕ್ಕದಷ್ಟು ಅಲ್ಪ. ಲಕ್ಷಾಂತರ ಸಲ ಕೂಡಿದಾಗ ಅದು ಅಂಗುಲದ ಲೆಕ್ಕಕ್ಕೆ ಬರುತ್ತದೆ. ಮೇಲಾಗಿ ಪಟ್ಟಿಗಳ ನಡುವೆ ನೀರೂ ಧೂಳೂ ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ಪಟ್ಟಿ ತೆಳುವಾಗುತ್ತದೆ. ತೆಳುವಾದ ಪಟ್ಟಿ ಇನ್ನಷ್ಟು ಬಾಗುತ್ತದೆ. ಇಂಥ ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಬಾಗು ಕೊಡಿಸುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇದೆ. ಕಾಯಿಸದೆ ಬಡಿದರೆ ಬಾಗು ಬಹುಕಾಲ ನಿಲ್ಲದು. ಕಾಯಿಸಿ ಬಡಿದ ಮೇಲೆ ಉಕ್ಕಿಗೆ ಮೊದಲಿನ ಹದವನ್ನು, ಅಂದರೆ ಕೆಂಪಗೆ ಕಾದದ್ದನ್ನು ಎಣ್ಣೆಯಲ್ಲಿ ತಣಿಸಿ ತರುವಾಯ ಮಿತವಾದ ಶಾಖದಲ್ಲಿ ಮಾಗಿಸುವ ಸಂಸ್ಕಾರವನ್ನು, ಪುನಃ ಕೊಡದೆ ಹೋದರೆ ಅದು ಮತ್ತಷ್ಟು ಬೇಗ ಸೋಲುತ್ತದೆ.

ಇನ್ನು ಗಾಜಿನ ಮಾತು. ಕಾರ್ವೆಟ್ ಕಾರಿನ ಚರಿತ್ರೆಯಲ್ಲಿ ಒಂದು ವಿಶೇಷವಿದೆ: 1953ರಲ್ಲಿ ಮೊದಲ ಕಾರು ಹೊರಬಿದ್ದಾಗಲೇ ಅದರ ಒಡಲು ತಗಡಿನದಾಗಿರದೆ, ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಮಾಡಿದ ಫೈಬರ್‌ಗ್ಲಾಸಿನದಾಗಿತ್ತು, ಆದರೆ ಆ ಒಡಲನ್ನು ಹೊರುವ ಕಮಾನಿನ ತನಕ ಅದೇ ವಸ್ತು ಇಳಿದು ಬರಲು 28 ವರ್ಷಗಳು ಬೇಕಾದವು. 1981ರ ಮಾದರಿಯಲ್ಲಿ, ಅದೂ ಸಾಮಾನ್ಯ ತಳವ್ಯವಸ್ಥೆಯ, ಗೇರು ತಾನಾಗಿ ಬದಲಾಗುವ ಕಾರುಗಳಲ್ಲಿ ಮಾತ್ರ, ಉಕ್ಕಿನ ಕಟ್ಟಿಗೆ ಬದಲಾಗಿ ಗಾಜಿನೆಳೆಯ ಒಂದೇ ಒಂದು ಪಟ್ಟಿಯನ್ನು ಅಳವಡಿಸಿದರು. ಸುಮಾರು 20 ಕಿಲೋಗ್ರಾಮ್ ತೂಗುತ್ತಿದ್ದ ಕಟ್ಟಿನ ಜಾಗದಲ್ಲಿ 4 ಕಿಲೋಗ್ರಾಮಿಗೂ ಕಡಿಮೆ ತೂಕದ ವಸ್ತುವೊಂದು ಬಂದು ಕುಳಿತು ಅದೇ ಭಾರವನ್ನು ಹೊತ್ತಿತು. ಇಂದು ಹಳೆಯ ಸ್ಟಿಂಗ್ ರೇ ಕಾರುಗಳ ಒಡೆಯರು ಕೊಂಡು ತಂದು ಹಾಕಿಸುವ ಕಾಂಪೊಸಿಟ್, ಅಂದರೆ ಎಳೆಯನ್ನೂ ರಾಳವನ್ನೂ ಕೂಡಿಸಿ ಮಾಡಿದ, ಕಮಾನುಗಳೆಲ್ಲ ಈ ಪಟ್ಟಿಯ ವಂಶದವೇ.

ಉಕ್ಕಿಗಿಂತ ಮೃದುವಾದ ವಸ್ತುವು ಉಕ್ಕಿನ ಕೆಲಸವನ್ನು ಉಕ್ಕಿಗಿಂತ ಚೆನ್ನಾಗಿ ಮಾಡೀತೆ ಎಂಬ ಸಂದೇಹವು ಸಹಜವೇ. ಆದರೆ ಕಮಾನಿನಿಂದ ನಾವು ಬಯಸುವುದು ಗಡಸುತನವನ್ನಲ್ಲ. ಚಕ್ರಕ್ಕೆ ತಗುಲಿದ ಪೆಟ್ಟಿನ ಶಕ್ತಿಯನ್ನು ತನ್ನೊಳಗೆ ತುಂಬಿಕೊಂಡು, ಬಳಿಕ ಮುರಿಯದೆ ಹಿಂದಿರುಗಿಸುವ ಸಾಮರ್ಥ್ಯವನ್ನು. ಒಂದು ಕಿಲೋಗ್ರಾಮ್ ವಸ್ತುವಿನಲ್ಲಿ ಹೀಗೆ ಹಿಡಿಸುವ ಶಕ್ತಿಯು, ಅದು ತಾಳಬಲ್ಲ ಪೀಡನದ ವರ್ಗಕ್ಕೆ ಅನುಲೋಮವಾಗಿಯೂ, ಅದರ ಸ್ಥಿತಿಸ್ಥಾಪಕ ಗುಣಾಂಕಕ್ಕೂ ಸಾಂದ್ರತೆಗೂ ವಿಲೋಮವಾಗಿಯೂ ಇರುತ್ತದೆ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವ ಗಾಜು-ಎಪಾಕ್ಸಿಯ ಗುಣಾಂಕವು ಉಕ್ಕಿನದರ ಸುಮಾರು ಐದನೆಯ ಒಂದು ಪಾಲು. ಸಾಂದ್ರತೆಯು ಸುಮಾರು ನಾಲ್ಕನೆಯ ಒಂದು ಪಾಲು. ಅದು ಅನೇಕ ವರ್ಷಗಳ ಕುಲುಕಾಟದಲ್ಲಿ ತಾಳತಕ್ಕ ಪೀಡನವನ್ನು ಉಕ್ಕಿನದಕ್ಕಿಂತ ಬಹಳ ಕಡಿಮೆಯೆಂದು ಇಟ್ಟುಕೊಂಡರೂ ತೂಕಕ್ಕೆ ತೂಕವಿಟ್ಟು ನೋಡಿದಾಗ ಗೆಲ್ಲುವುದು ಗಾಜೇ.

ಈ ಗೆಲುವಿಗೆ ಒಂದು ನಿಬಂಧನೆಯುಂಟು. ಉಕ್ಕಿಗೆ ಎಲ್ಲ ದಿಕ್ಕುಗಳೂ ಒಂದೇ. ಗಾಜಿನೆಳೆಯ ಕಮಾನಾದರೋ ಬಿದಿರಿನಂತೆ, ಉದ್ದಕ್ಕೆ ಬಾಗಿಸಿದಾಗ ಅಪಾರ ಬಲವುಳ್ಳದ್ದಾಗಿಯೂ ಅಡ್ಡಡ್ಡವಾಗಿ ಎಳೆದಾಗ ಸುಲಭವಾಗಿ ಸೀಳುವಂಥದ್ದಾಗಿಯೂ ಇರುತ್ತದೆ, ಏಕೆಂದರೆ ಅಡ್ಡ ದಿಕ್ಕಿನಲ್ಲಿ ಎಳೆಗೂ ಎಳೆಗೂ ನಡುವೆ ಇರುವ ಬಂಧನವು ಕೇವಲ ರಾಳದ್ದು. ಹೀಗಿರುವಲ್ಲಿ ಎಳೆಗಳನ್ನು ನಡುನಡುವೆ ಕತ್ತರಿಸಿ ಪಟ್ಟಿಯನ್ನು ಮೊನಚುಗೊಳಿಸುವಂತಿಲ್ಲ. ಪ್ರತಿಯೊಂದು ಎಳೆಯೂ ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿ ಹರಿಯಬೇಕು. ಈ ಬಿಕ್ಕಟ್ಟಿಗೆ ವಿನ್ಯಾಸಕಾರರು ಕಂಡುಕೊಂಡ ಪರಿಹಾರವು ಬಹು ಸೊಗಸಾದುದು: ಪಟ್ಟಿಯನ್ನು ನಡುವಿನಲ್ಲಿ ದಪ್ಪವಾಗಿಯೂ ಕಿರಿದಾಗಿಯೂ, ತುದಿಗಳ ಕಡೆಗೆ ತೆಳುವಾಗಿಯೂ ಅಗಲವಾಗಿಯೂ ಎರಕಹೊಯ್ದು, ಎಲ್ಲಿ ಅಡ್ಡಕೊಯ್ದು ನೋಡಿದರೂ ಕೊಯ್ತದ ವಿಸ್ತೀರ್ಣವು ಒಂದೇ ಆಗಿರುವಂತೆ ಮಾಡುವುದು. ಆಗ ಎಳೆಗಳ ಸಂಖ್ಯೆ ಎಲ್ಲೆಲ್ಲಿಯೂ ಸಮ. ದಪ್ಪವು ಭಾರದ ಕಡೆಯಿಂದ ಹಿಡಿತದ ಕಡೆಗೆ ಸಮಪ್ರಮಾಣದಲ್ಲಿ ಏರುವುದರಿಂದ ಪೀಡನವೂ ಸಮ. ಪಟ್ಟಿಗಳನ್ನು ಪೇರಿಸಿ ಕಮ್ಮಾರನು ಸಾಧಿಸಿದ್ದನ್ನೇ ಇಲ್ಲಿ ಒಂದೇ ಪಟ್ಟಿಯು ತನ್ನ ಆಕಾರದಿಂದ ಸಾಧಿಸುತ್ತದೆ.

ತೂಕದ ಉಳಿತಾಯವನ್ನೇ ಎಲ್ಲರೂ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ವ್ಯತ್ಯಾಸವು ಬೇರೊಂದೆಡೆ ಇದೆ. ಕಮಾನು ಬದಲಾಯಿಸಿ ಅತೃಪ್ತರಾದವರಲ್ಲಿ ಹೆಚ್ಚಿನವರು ಎಡವುವುದೂ ಅಲ್ಲಿಯೇ. ಉಕ್ಕಿನ ಕಟ್ಟು ಬಾಗುವಾಗ ಒಂದು ಪಟ್ಟಿಯು ಇನ್ನೊಂದರ ಮೇಲೆ ಜಾರಲೇಬೇಕು. ಆ ಜಾರುವಿಕೆಯಲ್ಲಿ ಹುಟ್ಟುವ ಘರ್ಷಣೆಯು ರಸ್ತೆಯ ಸಣ್ಣ ತರಿಗಳ ಪಾಲಿಗೆ ಶತ್ರು, ಏಕೆಂದರೆ ಅಂಥ ಅಲ್ಪ ಪೆಟ್ಟಿಗೆ ಪಟ್ಟಿಗಳು ಜಾರುವುದೇ ಇಲ್ಲ. ಕಟ್ಟು ಇಡಿಯಾದ ತೊಲೆಯಂತೆ ನಿಂತು ಪೆಟ್ಟನ್ನು ಹಾಗೆಯೇ ಬೆನ್ನಿಗೆ ತಲಪಿಸುತ್ತದೆ. ಅದೇ ಘರ್ಷಣೆಯು ದೊಡ್ಡ ಏರಿಳಿತಗಳ ಪಾಲಿಗೆ ಮಿತ್ರ; ಹಾರಿದ ಒಡಲಿನ ಶಕ್ತಿಯನ್ನು ಶಾಖವಾಗಿ ಕರಗಿಸಿ ಅದರ ತೂಗಾಟವನ್ನು ತಗ್ಗಿಸುತ್ತದೆ. ಒಂದೇ ಪಟ್ಟಿಯ ಕಾಂಪೊಸಿಟ್ ಕಮಾನಿನಲ್ಲಿ ಜಾರಲು ಜೊತೆಯ ಪಟ್ಟಿಯೇ ಇಲ್ಲವಾದುದರಿಂದ, ಸಣ್ಣ ತರಿಗಳನ್ನು ಅದು ಮೌನವಾಗಿ ನುಂಗಿಕೊಳ್ಳುತ್ತದೆ, ಕಿರುಗುಟ್ಟುವಿಕೆ ನಿಂತುಹೋಗುತ್ತದೆ. ಆದರೆ ತೂಗಾಟವನ್ನು ಅಡಗಿಸುವ ಹೊಣೆಯೆಲ್ಲ ಶಾಕ್ ಅಬ್ಸಾರ್ಬರುಗಳ ಮೇಲೆ ಬೀಳುತ್ತದೆ. ಅವು ಹಳೆಯವಾಗಿ ಎಣ್ಣೆ ಸೋರುತ್ತಿದ್ದರೆ, ಉಬ್ಬು ದಾಟಿದ ಕಾರು ಎರಡು ಮೂರು ಬಾರಿ ತೊನೆದ ಮೇಲೆಯೇ ನೆಲೆಗೊಳ್ಳುವುದು. ಒಡೆಯನು ದೂರುವುದು ಹೊಸ ಕಮಾನನ್ನು! ಹಳೆಯ ಶಾಕ್ ಅಬ್ಸಾರ್ಬರುಗಳ ಜೊತೆಗೆ ಹೊಸ ಕಮಾನನ್ನು ಜೋಡಿಸುವುದು ಅರ್ಧ ಕೆಲಸವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಬದಲಾಯಿಸುವ ಕಾರ್ಯವು ಕಠಿನವಲ್ಲ, ಆದರೆ ಅವಸರವನ್ನು ಕ್ಷಮಿಸದು. ಕಾರನ್ನು ಚೌಕಟ್ಟಿನ ಬಳಿ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳನ್ನು ಕಳಚಿದ ಮೇಲೂ ಕಮಾನಿನಲ್ಲಿ ಬಹಳಷ್ಟು ಶಕ್ತಿ ಸೆರೆಯಾಗಿಯೇ ಇರುತ್ತದೆ. ಆದ್ದರಿಂದ ಮೊದಲು ಕಮಾನಿನ ತುದಿಯ ಕೆಳಗೆ ಜ್ಯಾಕನ್ನು ಜಾರದಂತೆ ಇಟ್ಟು, ನೀಳ ಬೋಲ್ಟಿನ ಮೇಲಿನ ಹೊರೆ ಇಳಿಯುವಷ್ಟು ಅದನ್ನು ಎತ್ತಿ, ಕಾಟರ್ ಪಿನ್ನು ಎಳೆದು, ನಟ್ಟು ಬಿಚ್ಚಿ, ಬೋಲ್ಟು ಕೈಗೆ ಬಂದ ಬಳಿಕ ಜ್ಯಾಕನ್ನು ಮೆಲ್ಲಮೆಲ್ಲನೆ ಇಳಿಸಬೇಕು. ತರುವಾಯ ಇನ್ನೊಂದು ತುದಿ. ಕೊನೆಗೆ ನಡುವಿನ ನಾಲ್ಕು ಬೋಲ್ಟುಗಳು. ಉಕ್ಕಿನ ಕಟ್ಟನ್ನು ಕೆಳಗಿಳಿಸಲು ಇಬ್ಬರಿದ್ದರೆ ಲೇಸು. ಹೊಸದನ್ನು ಒಬ್ಬನೇ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಬೋಲ್ಟನ್ನು ತಿರುಗಿಸಬಹುದು. ಗಟ್ಟಿಯಾಗಿ ಬಿರಿದ ಹಳೆಯ ರಬ್ಬರ್ ಮೆತ್ತೆಗಳನ್ನು ಮತ್ತೆ ಹಾಕಬಾರದು. ಎಲ್ಲವೂ ಮುಗಿದ ಬಳಿಕ ಕಾರನ್ನು ಕೆಲವು ಮೈಲಿ ಓಡಿಸಿ, ರಬ್ಬರುಗಳು ಕುಳಿತುಕೊಂಡ ಮೇಲೆ ಎರಡೂ ಬದಿಯ ಎತ್ತರವನ್ನು ಅಳೆದು, ತುದಿಯ ಬೋಲ್ಟುಗಳಿಂದ ಅದನ್ನು ಸರಿಪಡಿಸಿ, ಚಕ್ರಗಳ ವಾಲುವಿಕೆಯನ್ನು ಹೊಸದಾಗಿ ಹೊಂದಿಸದೆ ಹೋದರೆ ಹೊಸ ಟೈರುಗಳೂ ಹಳೆಯವುಗಳ ಹಾದಿಯನ್ನೇ ಹಿಡಿಯುತ್ತವೆ.

ಗಾಜಿನ ಕಮಾನಿಗೆ ರಂಧ್ರ ಕೊರೆಯಬಾರದು, ಅಂಚನ್ನು ಉಜ್ಜಬಾರದು, ಅದರ ಬಳಿ ವೆಲ್ಡಿಂಗ್ ಜ್ವಾಲೆಯನ್ನು ತರಬಾರದು. ಹೊಗೆಕೊಳವೆಯು ತೀರ ಸಮೀಪದಲ್ಲಿ ಹಾಯ್ದಿದ್ದರೆ ನಡುವೆ ಶಾಖತಡೆಯ ತಗಡೊಂದಿರಲಿ, ಏಕೆಂದರೆ ಕಾವಿಗೆ ಮೆದುವಾಗುವುದು ಗಾಜಲ್ಲ, ರಾಳ. ಅದಕ್ಕೆ ವಯಸ್ಸಾದಾಗ ಉಕ್ಕಿನ ಪಟ್ಟಿಯಂತೆ ಅಡ್ಡಕ್ಕೆ ಥಟ್ಟನೆ ತುಂಡಾಗುವುದಕ್ಕಿಂತ, ಉದ್ದಕ್ಕೆ ಬಿರುಕು ತೋರಿ, ಸಿಬಿರು ಸಿಬಿರಾಗಿ ಎದ್ದು, ಮುನ್ಸೂಚನೆ ಕೊಡುವುದೇ ಹೆಚ್ಚು. ಈ ಗುಣವನ್ನು ನಾನು ಅದರ ಸದ್ಗುಣಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ಅಂಬಾಸಿಡರಿಗೂ ಇದನ್ನೇ ಹಾಕಿಸಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಕಾರ್ವೆಟ್ಟಿನ ಅಡ್ಡ ಕಮಾನು ಭಾರವನ್ನಷ್ಟೇ ಹೊರುತ್ತದೆ, ಚಕ್ರವನ್ನು ಸ್ಥಾನದಲ್ಲಿ ಹಿಡಿಯುವ ಕೆಲಸಕ್ಕೆ ಬೇರೆ ದಂಡಗಳಿವೆ. ಅಂಬಾಸಿಡರಿನ ಉದ್ದ ಕಮಾನುಗಳಾದರೋ ಭಾರವನ್ನೂ ಹೊತ್ತು, ಇಡೀ ಅಚ್ಚು ಅತ್ತಿತ್ತ ಸರಿಯದಂತೆ ಹಿಡಿದು, ಬ್ರೇಕು ಒತ್ತಿದಾಗ ಅಚ್ಚಿನ ತಿರುಚುವಿಕೆಯನ್ನೂ ತಡೆಯಬೇಕು. ತಿರುಚುವಿಕೆಯನ್ನೂ ಪಕ್ಕದ ಎಳೆತವನ್ನೂ ತಾಳುವುದರಲ್ಲಿಯೇ ಗಾಜಿನೆಳೆಯ ಪಟ್ಟಿಯು ದುರ್ಬಲ. ಜೊತೆಗೆ ಅದರ ತುದಿಗೆ ಉಕ್ಕಿನ ಕಣ್ಣನ್ನು ಭದ್ರವಾಗಿ ಕೂಡಿಸುವುದು ಪಟ್ಟಿಯನ್ನು ತಯಾರಿಸುವುದಕ್ಕಿಂತಲೂ ಕಷ್ಟದ ಕೆಲಸ. ಅಂಥ ಕಾರುಗಳಿಗೆ ಸರಿಯಾಗಿ ಹದಗೊಳಿಸಿದ ಹೊಸ ಉಕ್ಕಿನ ಪಟ್ಟಿಗಳೇ ಯೋಗ್ಯವೆಂದು ನನ್ನ ಮತ.

1984ರ ಮಾದರಿಯಿಂದ ಕಾರ್ವೆಟ್ಟಿನ ಮುಂಭಾಗಕ್ಕೂ ಗಾಜಿನೆಳೆಯ ಕಮಾನು ಬಂದು 2019ರವರೆಗೆ ನಡೆದು, 2020ರ ಮಾದರಿಯಲ್ಲಿ ಅದರ ಸ್ಥಾನವನ್ನು ಸುರುಳಿ ಸ್ಪ್ರಿಂಗುಗಳು ಆಕ್ರಮಿಸಿದವು. ಹಳೆಯ ಕಾರಿನ ಸಾಚಾತನವನ್ನು ಕಾಪಾಡಬೇಕೆನ್ನುವವರು ಸ್ಟಿಂಗ್ ರೇ ಕಾರಿಗೆ ಕಾಂಪೊಸಿಟ್ ಕಮಾನನ್ನು ಒಪ್ಪುವುದಿಲ್ಲ. ಅವರ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ, ಆದರೆ ಪ್ರದರ್ಶನಕ್ಕಲ್ಲದೆ ಓಡಿಸುವುದಕ್ಕೆಂದೇ ಇಟ್ಟುಕೊಂಡ ಕಾರಿನ ವಿಷಯದಲ್ಲಿ ಅದಕ್ಕೆ ಮಣಿಯಬೇಕಾಗಿಲ್ಲವೆಂದು ಭಾವಿಸುತ್ತೇನೆ. ಈ ಬದಲಾವಣೆಗಾಗಿ ಕಾರಿನ ಯಾವ ಭಾಗವನ್ನೂ ಕೊಯ್ಯಬೇಕಾಗಿಲ್ಲ, ಬೆಸೆಯಬೇಕಾಗಿಲ್ಲ. ಬೇಕೆಂದಾಗ ಹಳೆಯದನ್ನು ಮತ್ತೆ ಕೂರಿಸಬಹುದು. ಆದ್ದರಿಂದ ಬಿಚ್ಚಿದ ಉಕ್ಕಿನ ಕಮಾನನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ತುಕ್ಕನ್ನು ಉಜ್ಜಿ, ಎಣ್ಣೆ ಸವರಿ, ಅದರ ಬೋಲ್ಟುಗಳೊಂದಿಗೆ ಕಟ್ಟಿಟ್ಟು, ಕಾರನ್ನು ಎಂದಾದರೂ ಮಾರಿದಾಗ ಕಾಗದಪತ್ರಗಳ ಜೊತೆಗೆ ಅದನ್ನೂ ಹೊಸ ಒಡೆಯನಿಗೆ ಒಪ್ಪಿಸಿ.